ಹೆಂಚಿನ ಸಂದಿಯ ಬಾವಲಿ

ಮಂಗಳೂರು ಹೆಂಚಿನ ಮನೆಯಲ್ಲಿ ಗೋಡೆಯ ಬುಡಕ್ಕೆ ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಬಿದ್ದರೆ ಮೊದಲ ಅನುಮಾನ ಇಲಿಯ ಮೇಲೆ. ಕಡ್ಡಿಯಿಂದ ಒತ್ತಿ ನೋಡಿ. ಪುಡಿಪುಡಿಯಾಗಿ ಹುಳುವಿನ ರೆಕ್ಕೆಯ ಹೊಳಪು ಕಂಡರೆ ಬಾವಲಿಯದು. ಇಲಿಯದು ಒಣಗಿದರೆ ಗಟ್ಟಿ.

ಮುಸ್ಸಂಜೆ ಅರ್ಧ ಗಂಟೆ ಅಂಗಳದಲ್ಲಿ ನಿಂತರೆ ಹೊರಬೀಳುವ ಜಾಗ ಸಿಗುತ್ತದೆ: ಹೆಚ್ಚಾಗಿ ನೆತ್ತಿಯ ಹೆಂಚಿನ ಗಾರೆ ಬಿರುಕು, ಇಲ್ಲವೇ ಗೋಡೆಗೂ ಪಕಾಸಿಗೂ (ಮಾಡಿನ ಇಳಿಜಾರು ಮರ) ನಡುವಿನ ಸಂದಿ. ಸಣ್ಣ ಜಾತಿಯವಕ್ಕೆ ಒಂದೂವರೆ ಸೆಂಟಿಮೀಟರ್ ಧಾರಾಳ.

ಹಗಲಲ್ಲಿ ಗಾರೆ ಮೆತ್ತಬೇಡಿ, ಒಳಗೇ ಸತ್ತು ನಾರುತ್ತವೆ. ಹಾರಲಾರದ ಮರಿಗಳಿದ್ದರೆ ಅವು ದೊಡ್ಡವಾಗುವತನಕ ಕಾಯಲೇಬೇಕು. ಮುಖ್ಯ ದಾರಿಯೊಂದನ್ನು ಬಿಟ್ಟು ಉಳಿದ ಸಂದಿ ಮುಚ್ಚಿ, ಆ ದಾರಿಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆ ತೂಗಿಬಿಡಿ. ಮೇಲೆ, ಪಕ್ಕಗಳಲ್ಲಿ ಮೊಳೆ. ಸಂದಿಯಿಂದ ಎರಡಡಿ ಕೆಳಗೆ ಬಾಯಿ ತೆರೆದಿರಲಿ. ತೆವಳಿ ಹೊರಬರುತ್ತವೆ, ಮರಳುವಾಗ ಬಲೆಗೆ ತಾಗಿ ಹಿಂದಿರುಗುತ್ತವೆ. ಬಲೆ ಬಿಗಿಯಾದರೆ ಸಿಕ್ಕಿಕೊಳ್ಳುತ್ತವೆ. ಒಂದು ವಾರ ಬಿಟ್ಟು, ಯಾವುದೂ ಹೊರಬರುತ್ತಿಲ್ಲವೆಂದು ಖಚಿತವಾದ ಮೇಲೆ ಗಾರೆ.

ಬಾವಲಿ ಓಡಿಸಲು ನುಸಿಗುಳಿಗೆ (ನ್ಯಾಫ್ತಲೀನ್ ಗುಂಡು) ಇಟ್ಟರೆ ದುಡ್ಡು ದಂಡ.

ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬೇಡಿ. ನೀರು ಚಿಮುಕಿಸಿ, ಎನ್95 ಮಾಸ್ಕ್ ಹಾಕಿ ಬಳಿದು ತೆಗೆಯಿರಿ. ಬಾವಲಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ ಸೋಪುನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.