ಹಳದಿ ಪ್ರಕ್ಷೇಪ ಎಷ್ಟು ಗ್ರಾಂ?

ಲೆಡ್ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ಸುರಿದರೆ ಅರಿಶಿನದಂಥ ಲೆಡ್ ಅಯೋಡೈಡ್ ಕರಗದೆ ತಳಕ್ಕಿಳಿಯುತ್ತದೆ. ಇದೇ ಪ್ರಕ್ಷೇಪ. ಅದರ ತೂಕದ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಗುಣಾಕಾರದಲ್ಲಲ್ಲ, ಲೆಡ್ ಮತ್ತು ಅಯೋಡೈಡ್‌ನ 1:2 ಅನುಪಾತದಲ್ಲಿ.

ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ, ಮೋಲಾರ್ ಎಂದರೆ ಲೀಟರ್‌ಗೆ ಎಷ್ಟು ಮೋಲ್ ಎಂಬುದು. 0.10 ಮೋಲಾರ್ ಲೆಡ್ ನೈಟ್ರೇಟ್ 50 ಮಿ.ಲೀ., ಅಷ್ಟೇ ಸಾಂದ್ರತೆಯ ಅಯೋಡೈಡ್ 80 ಮಿ.ಲೀ. ಇದೆ ಎನ್ನಿ. ಮಿ.ಲೀ. ಅನ್ನು ಲೀಟರ್‌ಗೆ ತಂದು ಗುಣಿಸಿದರೆ 0.0050 ಮತ್ತು 0.0080 ಮೋಲ್. ಲೆಡ್ ಕಡಿಮೆಯಿದೆ, ಅದೇ ಮೊದಲು ಮುಗಿಯುತ್ತದೆ ಅನ್ನಿಸುತ್ತದೆ, ಅಲ್ಲವೇ? ಇಲ್ಲ. ಒಂದು ಲೆಡ್‌ಗೆ ಎರಡು ಅಯೋಡೈಡ್ ಬೇಕು. ಅಂದರೆ 0.0100 ಮೋಲ್ ಬೇಕಿತ್ತು, ಇರುವುದು 0.0080. ಮುಗಿಯುವುದು ಅಯೋಡೈಡೇ. ಅದರ ಅರ್ಧ, 0.0040 ಮೋಲ್ ಪ್ರಕ್ಷೇಪ. ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲ್‌ನ ತೂಕ, 461.0 ಗ್ರಾಂ; ಅದರಿಂದ ಗುಣಿಸಿದರೆ 1.84 ಗ್ರಾಂ. ಲೆಡ್ ಹಿಡಿದು ಹೊರಟವರಿಗೆ 2.3 ಗ್ರಾಂ ಬರುತ್ತದೆ.

ತಕ್ಕಡಿ ಇಷ್ಟನ್ನೇ ತೋರಿಸುವುದಿಲ್ಲ. ಲೆಡ್ ಅಯೋಡೈಡ್ ತಣ್ಣೀರಿಗಿಂತ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ, ಹಾಗಾಗಿ ತಣ್ಣೀರಿನಲ್ಲೇ, ಸ್ವಲ್ಪ ಸ್ವಲ್ಪವಾಗಿ ತೊಳೆಯಿರಿ. ತೂಕ ಹೆಚ್ಚು ಬಂದರೆ ಪ್ರಕ್ಷೇಪ ಒಣಗಿಲ್ಲ, ಇಲ್ಲವೇ ಫಿಲ್ಟರ್ ಪೇಪರಿನ ತೂಕ ಕಳೆಯಲು ಮರೆತಿದ್ದೀರಿ. ಎರಡು ಸಲ ತೂಗಿದಾಗ ಒಂದೇ ಅಂಕಿ ಬರುವವರೆಗೆ ಒಣಗಿಸಿ. ಅಯೋಡೈಡ್ ಅತಿಯಾಗಿ ಸುರಿದರೆ ಪ್ರಕ್ಷೇಪ ಮತ್ತೆ ಕರಗಲು ಶುರುವಾಗುತ್ತದೆ. ಲೆಡ್ ಅಂದರೆ ಸೀಸ, ಅದು ವಿಷ, ಸಿಂಕ್‌ಗೆ ಚೆಲ್ಲಬೇಡಿ.