ಸಿಡುಬು ಹೋಯಿತು, ದಡಾರ ಏಕೆ ಹೋಗಲಿಲ್ಲ?

ಸಿಡುಬಿನ ವಿಷಯ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಒಳ್ಳೆಯ ಲಸಿಕೆಯಿತ್ತು ಎನ್ನುವುದು ಅರ್ಧ ಉತ್ತರ ಮಾತ್ರ. ದಡಾರಕ್ಕೂ ಒಳ್ಳೆಯ ಲಸಿಕೆಯಿದೆ. ಆದರೆ ಸಿಡುಬಿಗೆ ಅಡಗಿ ಕೂರಲು ಬರುತ್ತಿರಲಿಲ್ಲ.

ಅದರ ವೈರಸ್ ಮನುಷ್ಯರಲ್ಲಿ ಬಿಟ್ಟು ಬೇರೆಲ್ಲೂ ನೆಲೆಸುತ್ತಿರಲಿಲ್ಲ. ಸೋಂಕು ತಗಲಿ ಸುಮಾರು 10–14 ದಿನಕ್ಕೆ ಜ್ವರ, ಮತ್ತೆ ಎರಡು ಮೂರು ದಿನಕ್ಕೆ ಮುಖ, ಕೈಕಾಲುಗಳ ತುಂಬ ಗುಳ್ಳೆ. ರೋಗ ಹರಡುತ್ತಿದ್ದುದು ಹೆಚ್ಚಾಗಿ ಗುಳ್ಳೆ ಎದ್ದ ಮೇಲೆಯೇ. ದಡಾರವಾದರೋ ದದ್ದು ಕಾಣುವ ನಾಲ್ಕು ದಿನ ಮೊದಲೇ ಹರಡುತ್ತದೆ. ಪೋಲಿಯೊ ತಗಲಿದ ಬಹುಪಾಲು ಜನರಲ್ಲಿ ಲಕ್ಷಣವೇ ಇರುವುದಿಲ್ಲ.

ಭಾರತ 1962ರಲ್ಲಿ ಎಲ್ಲರಿಗೂ ಲಸಿಕೆ ಹಾಕಲು ಹೊರಟಿತು. ಕೋಟಿಗಟ್ಟಲೆ ಜನರಿಗೆ ಹಾಕಿದರೂ ಬಿಟ್ಟುಹೋದವರ ನಡುವೆ ರೋಗ ಉಳಿಯಿತು. ಫಲ ಕೊಟ್ಟಿದ್ದು ಬೇರೆ ದಾರಿ. ರೋಗಿಯ ಚಿತ್ರವಿದ್ದ ಕಾರ್ಡ್ ಹಿಡಿದು ಮನೆಮನೆಗೆ, ಸಂತೆಗೆ ಹೋಗಿ ವಿಚಾರಿಸುವುದು. ರೋಗಿ ಸಿಕ್ಕರೆ ಬಾಗಿಲಿಗೆ ಕಾವಲು ಹಾಕುವುದು. ಅವರ ಹತ್ತಿರ ಸುಳಿದವರಿಗೆಲ್ಲ, ಆಮೇಲೆ ಸುತ್ತಲಿನ ಮನೆಗಳಿಗೆ ಲಸಿಕೆ. ಸೋಂಕು ತಗಲಿ ಮೂರು ನಾಲ್ಕು ದಿನದೊಳಗೆ ಹಾಕಿದರೂ ಲಸಿಕೆ ರೋಗವನ್ನು ತಡೆಯುತ್ತಿತ್ತು, ಇಲ್ಲವೇ ಹಗುರಾಗಿಸುತ್ತಿತ್ತು. ಈ ವಿಧಾನಕ್ಕೆ ಜೀವ ಕೊಟ್ಟಿದ್ದೇ ಆ ಬಿಡುವು.

ಸಲಕರಣೆಯೂ ಸರಳ: ತುದಿ ಎರಡಾಗಿ ಸೀಳಿದ ಕವಲು ಸೂಜಿ. ಅದ್ದಿ ತೆಗೆದರೆ ಕವಲಿನ ನಡುವೆ ಒಂದು ಹನಿ ನಿಲ್ಲುತ್ತದೆ. ತೋಳಿನ ಮೇಲೆ ನೆಟ್ಟಗೆ ಹಿಡಿದು, ಒಂದೇ ಜಾಗದಲ್ಲಿ ಬೇಗಬೇಗ 15 ಸಲ ಚುಚ್ಚಬೇಕು; ರಕ್ತ ಸ್ವಲ್ಪ ಜಿನುಗಿದರೆ ಸರಿಯಾಗಿ ಬಿದ್ದಂತೆ. ಮೊದಲೇ ಸ್ಪಿರಿಟ್ ಒರೆಸಿ, ಅದು ಆರದೆ ಚುಚ್ಚಿದರೆ ಲಸಿಕೆಯ ವೈರಸ್ಸೇ ಸತ್ತು ಶ್ರಮ ವ್ಯರ್ಥ. ಆರರಿಂದ ಎಂಟು ದಿನದೊಳಗೆ ಕೀವುಗುಳ್ಳೆ ಏಳಬೇಕು, ಏಳದಿದ್ದರೆ ಮತ್ತೆ ಹಾಕಬೇಕು. ಹಕ್ಕಳೆ ಉದುರಿ ಉಳಿಯುವ ಕಲೆಯೇ ದಾಖಲೆ. ಆ ಕಲೆ ಇಲ್ಲದಿದ್ದರೆ ಯಾರಿಗೆ ಆಗಿದೆ, ಯಾರಿಗಿಲ್ಲ ಎಂದು ಹಳ್ಳಿಹಳ್ಳಿಯಲ್ಲಿ ಪತ್ತೆಹಚ್ಚುವುದು ಅಸಾಧ್ಯವಾಗುತ್ತಿತ್ತು.

1974ರಲ್ಲಿ ಬಿಹಾರದಲ್ಲಿ ಭೀಕರವಾಗಿ ಹಬ್ಬಿದ್ದ ರೋಗ 1975ರ ಮೇ ಹೊತ್ತಿಗೆ ಭಾರತದಲ್ಲಿ ನಿಂತಿತು. ಸಹಜವಾಗಿ ತಗಲಿದ ಕೊನೆಯ ಪ್ರಕರಣ ಸೊಮಾಲಿಯಾದ ಅಲಿ ಮಾವ್ ಮಾಲಿನ್ ಅವರದು, 1977ರ ಅಕ್ಟೋಬರ್‌ನಲ್ಲಿ; ಅವರು ಬದುಕುಳಿದರು. 1980ರ ಮೇ 8ರಂದು ನಿರ್ಮೂಲನೆ ಘೋಷಣೆಯಾಯಿತು.

ಸಿಡುಬಿನ ಸಂಬಂಧಿಯಾದ ಎಂಪಾಕ್ಸ್‌ಗೂ ಇದೇ ಉಪಾಯ ಸಾಕೇ ಎಂದು ಈಗ ಕೇಳುತ್ತಾರೆ. ಹರಡುವಿಕೆ ತಗ್ಗಿಸಬಹುದು. ಆದರೆ ಅದರ ವೈರಸ್ ಆಫ್ರಿಕಾದ ಕಾಡುಪ್ರಾಣಿಗಳಲ್ಲೂ ಇದೆ. ಮನುಷ್ಯರಲ್ಲಿ ನಿಂತರೂ ಅಲ್ಲಿಂದ ಮತ್ತೆ ಬರುತ್ತದೆ.