ಅವತ್ತ ನೀವ ಎಲ್ಲಿದ್ರಿ, ಕಾಕಾ?

ನಾನಿರುವುದು ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ. ಇಲ್ಲಿ ನೌಕಾಪಡೆಯ ದೊಡ್ಡ ನೆಲೆ ಇದೆ. ಬೆಳಗಾವಿಯ ಕ್ಯಾಂಪ್ ನೋಡಿದವರಿಗೆ ಬೇಗ ಅರ್ಥವಾಗುತ್ತದೆ, ಊರಿಗೆ ಊರೇ ಪಡೆಯ ಜೊತೆ ಬೆಳೆದದ್ದು. ನಮ್ಮ ಓಣಿಯಲ್ಲೇ ಹಡಗಿನಲ್ಲಿ ದುಡಿದು ನಿವೃತ್ತರಾದವರು ನಾಲ್ಕೈದು ಮಂದಿ ಇದ್ದಾರೆ.

ಪ್ರತಿ ವರ್ಷ ಸೆಪ್ಟೆಂಬರ್ 11ರ ಬೆಳಿಗ್ಗೆ 8:46ಕ್ಕೆ ಇಲ್ಲಿ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. 2001ರಲ್ಲಿ ಉಗ್ರರು ಅಪಹರಿಸಿದ ವಿಮಾನ ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರಿನ ಮೊದಲ ಗೋಪುರಕ್ಕೆ ಬಡಿದ ಹೊತ್ತು ಅದು. ಆಮೇಲೆ ನಮ್ಮ ಓಣಿಯ ಒಬ್ಬರು ತಮ್ಮ ಮನೆಗೆ ಕರೆಯುತ್ತಾರೆ. ಭಾಷಣ ಇಲ್ಲ, ಹಾರ ಇಲ್ಲ. ಕಾಫಿ ಕುಡಿಯುತ್ತಾ ಒಬ್ಬೊಬ್ಬರೇ ಆ ದಿನ ತಾವು ಎಲ್ಲಿದ್ದೆವು ಅಂತ ಹೇಳುತ್ತಾರೆ. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳುತ್ತಾರೆ. ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಮನೆಯ ಯಜಮಾನರು ಆಗ ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ಹಡಗಿನಲ್ಲಿದ್ದರು. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು ಅರಬ್ ದೇಶಗಳ ಕಡೆಯಿಂದ ಮನೆಯತ್ತ ತಿರುಗಿದ್ದ ಹಡಗು. ದಾರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಿಲ್ಲಬೇಕಿತ್ತು. ಹೆಂಡತಿಗೆ ಅಲ್ಲಿಂದ ಏನು ಒಯ್ಯಬೇಕು ಅಂತ ಇವರು ಚೀಟಿ ಬರೆದಿಟ್ಟುಕೊಂಡಿದ್ದರಂತೆ. ಅಷ್ಟರಲ್ಲಿ ಟಿವಿಯಲ್ಲಿ ಆ ದೃಶ್ಯ. ಸ್ವಲ್ಪ ಹೊತ್ತಿಗೆ ಹಡಗಿನ ಹಿಂದೆ ನೀರಿನ ಮೇಲಿದ್ದ ಬಿಳಿ ಗೆರೆ ಬಾಗಿದ್ದು ಕಂಡಿತು. ಹಡಗು ವಾಪಸ್ ಹೊರಟಿತ್ತು. ಅಕ್ಟೋಬರ್ 7ರಂದು ಅಫ್ಗಾನಿಸ್ತಾನದ ಮೇಲೆ ದಾಳಿ ಶುರುವಾದಾಗ ಆ ಹಡಗು ಅರಬ್ಬಿ ಸಮುದ್ರದಲ್ಲಿತ್ತು.

ಇಷ್ಟೆಲ್ಲ ಕಂಡವರು ಕೊನೆಗೆ ಹೇಳಿದ್ದು ಮಾತ್ರ ಬೇರೆ. "ನಮ್ಮ ಜನ ಸಾಯುವಾಗ ನಾವು ಅಷ್ಟು ದೂರ ಇದ್ದೆವು."

ಅವರ ಪಕ್ಕ ಕೂತಿದ್ದ ಹೆಣ್ಣುಮಗಳು ಆಗ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ ಕೆಲಸ ಮಾಡುತ್ತಿದ್ದರು. ಆ ಮಂಗಳವಾರ ರಜೆ ಹಾಕಿದ್ದರು. ಮಗುವಿಗೆ ಜ್ವರ. 9:37ಕ್ಕೆ ಅಲ್ಲಿಗೆ ವಿಮಾನ ಬಡಿದಾಗ ಅವರು ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು. ಕಟ್ಟಡದೊಳಗಿದ್ದ 125 ಜನ, ವಿಮಾನದಲ್ಲಿದ್ದ 59 ಜನ, ಒಟ್ಟು 184 ಮಂದಿ ಹೋದರು. ಈಗ ಅಲ್ಲಿ ಒಬ್ಬೊಬ್ಬರಿಗೆ ಒಂದರಂತೆ 184 ಬೆಂಚುಗಳ ಸ್ಮಾರಕ ಇದೆ. ನಾನೂ ಒಮ್ಮೆ ಹೋಗಿದ್ದೆ. ಹುಟ್ಟಿದ ವರ್ಷದ ಪ್ರಕಾರ ಸಾಲು ಮಾಡಿದ್ದಾರೆ, 1930ರಿಂದ 1998ರ ತನಕ. 1998 ಅಂದರೆ ಮೂರು ವರ್ಷದ ಕೂಸು. ವಿಮಾನದಲ್ಲಿದ್ದವರ ಹೆಸರು ಓದಲು ನಿಂತರೆ ಎದುರಿಗೆ ಆಕಾಶ ಕಾಣುತ್ತದೆ. ಕಟ್ಟಡದಲ್ಲಿದ್ದವರ ಹೆಸರು ಓದಲು ನಿಂತರೆ ಕಟ್ಟಡವೇ ಎದುರಿಗೆ. ಆಕೆ ತಮ್ಮ ಜೊತೆ ಕೆಲಸ ಮಾಡಿದವರ ಬೆಂಚಿನ ಮುಂದೆ ಪ್ರತಿ ವರ್ಷ ಹೋಗಿ ನಿಲ್ಲುತ್ತಾರೆ. ಮಗುವಿಗೆ ಜ್ವರ ಬಂದಿತ್ತು ಅಂತ ಹೇಳುವಾಗ, ಇಷ್ಟು ವರ್ಷಗಳಾದ ಮೇಲೂ, ತಪ್ಪು ಒಪ್ಪಿಕೊಳ್ಳುವವರ ದನಿ.

ನನ್ನ ಸರದಿ ಬಂತು. ನಾನು ಆಗ ಹುಬ್ಬಳ್ಳಿಯಲ್ಲಿ ಕಾಲೇಜು ಹುಡುಗ. ನಮ್ಮಲ್ಲಿ ಆಗ ಸಂಜೆ ಆರೂಕಾಲು. ದುರ್ಗದಬೈಲಿನಲ್ಲಿ ಗೆಳೆಯರ ಜೊತೆ ಮಿರ್ಚಿ ಗಿರ್ಮಿಟ್ ತಿನ್ನುತ್ತಾ ನಿಂತಿದ್ದೆ. ಟಿವಿ ಇದ್ದ ಒಂದು ಅಂಗಡಿ ಮುಂದೆ ಜನ ಸೇರತೊಡಗಿದರು. ಯಾವುದೋ ಸಿನಿಮಾ ಇರಬೇಕು ಅಂದುಕೊಂಡೆವು. ಇಷ್ಟು ಹೇಳಿ ಸುಮ್ಮನಾದೆ. ಯಜಮಾನರು ಕೇಳಿದರು, "ನಿಮ್ಮ ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದಾರಾ?"

ಇದ್ದಾರೆ. ನಮ್ಮ ಕಾಕಾ ಹವಾಲ್ದಾರ್ ಆಗಿ ನಿವೃತ್ತರಾದವರು, ಈಗ ಕುಂದಗೋಳದಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಸಿಯಾಚಿನ್ ಹತ್ತಿ ಇಳಿದು ಬಂದವರು. ಸಣ್ಣವನಿದ್ದಾಗ ಅವರ ಟ್ರಂಕು ತೆಗೆದು ನೋಡಿದ್ದೇನೆ, ಬೂಟು ಹಾಕಿಕೊಂಡು ಅಂಗಳದಲ್ಲಿ ಓಡಾಡಿದ್ದೇನೆ. ಆದರೆ ಅವರನ್ನು ಕೂರಿಸಿಕೊಂಡು ಇಂಥದ್ದೊಂದು ಪ್ರಶ್ನೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ರಜೆಗೆ ಬಂದಾಗ ಏನು ತಂದೆ ಅಂತ ಕೇಳುತ್ತಿದ್ದೆವು, ಯಾವಾಗ ವಾಪಸ್ ಹೋಗ್ತಿ ಅಂತ ಕೇಳುತ್ತಿದ್ದೆವು. ಅಷ್ಟೇ.

ಮರುದಿನವೇ ಫೋನ್ ಹಚ್ಚಿದೆ. ನನ್ನ ಮನಸ್ಸಿನಲ್ಲಿದ್ದದ್ದು 2016ರ ಫೆಬ್ರುವರಿ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಜನ ಹೂತುಹೋದರು. 19 ಸಾವಿರ ಅಡಿಗಿಂತ ಮೇಲಿನ ಜಾಗ. ಆರನೇ ದಿನ ಒಬ್ಬರು ಉಸಿರಾಡುತ್ತಾ ಸಿಕ್ಕರು. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

"ಅವತ್ತ ನೀವ ಎಲ್ಲಿದ್ರಿ, ಕಾಕಾ?"

ಸ್ವಲ್ಪ ಹೊತ್ತು ದನಿಯೇ ಇಲ್ಲ. ಫೋನ್ ಕಟ್ ಆಯಿತೇನೋ ಅಂದುಕೊಂಡೆ.

"ಬ್ಯಾಡಗಿ ಪ್ಯಾಟ್ಯಾಗ ಇದ್ದೆ, ತಮ್ಮಾ. ಸುದ್ದಿ ಬಂದದ್ದು ಮರುದಿನ, ಗುರುವಾರ. ಮೆಣಸಿನಕಾಯಿ ಚೀಲ ಇಳಸ್ಲಿಕ್ಕೆ ಹತ್ತಿದ್ವಿ. ಯಾರೋ ಅಂದ್ರು, ಸಿಯಾಚಿನ್‌ದಾಗ ಹತ್ತ ಮಂದಿ ಹೋದ್ರಂತ. ನನಗ ಕಾಲಾಗಿನ ಶಕ್ತೀನ ಹೋತು. ಅಲ್ಲೇ ಚೀಲದ ಮ್ಯಾಲ ಕುಂತೆ."

ಆಮೇಲೆ ಅವರು ನಿಲ್ಲಿಸಲೇ ಇಲ್ಲ. ಅಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಾಲಾಗಿ ನಡೆಯುವುದು. ಸೀಮೆಎಣ್ಣೆ ಸ್ಟೋವಿನ ಮಸಿ ಮೂಗು ತುಂಬ ಕೂರುವುದು. ಕಲ್ಲಿನಂತೆ ಗಟ್ಟಿಯಾದ ಕಿತ್ತಳೆ ಹಣ್ಣು. ರಾತ್ರಿ ಬಿದ್ದ ಹಿಮವನ್ನು ಬೆಳಗಾಗುವುದರೊಳಗೆ ಸಲಿಕೆಯಿಂದ ತೆಗೆಯದಿದ್ದರೆ ಬಾಗಿಲೇ ಮುಚ್ಚಿಹೋಗುವುದು. ವೈರ್‌ಲೆಸ್ಸಿನಲ್ಲಿ ಎಲ್ಲ ಪೋಸ್ಟಿನವರೂ ಸರದಿಯಂತೆ ತಾವು ಸರಿ ಇದ್ದೇವೆ ಅಂತ ಹೇಳಬೇಕು. ಒಂದು ಪೋಸ್ಟಿನ ದನಿ ಬರುವುದು ತಡವಾದರೆ ಉಳಿದವರಿಗೆ ಊಟ ಸೇರುತ್ತಿರಲಿಲ್ಲವಂತೆ.

"ಆ ಗುರುವಾರ ನನ್ನ ಕಿವ್ಯಾಗ ಅದ ವೈರ್‌ಲೆಸ್ ಬಡೀಲಿಕ್ಕೆ ಹತ್ತಿತ್ತು. ಸೋನಂ ಮಾತಾಡವಲ್ದು, ಮಾತಾಡವಲ್ದು."

ಹನುಮಂತಪ್ಪ ಬದುಕಿದ್ದಾರೆ ಅಂತ ಸುದ್ದಿ ಬಂದಾಗ ಕಾಕಾ ಒಬ್ಬರೇ ಹೊಲಕ್ಕೆ ಹೋಗಿ ಅತ್ತರಂತೆ. ಕಾಕಿಗೂ ಗೊತ್ತಿಲ್ಲ. 11ನೇ ತಾರೀಖು ಗುರುವಾರ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪನವರ ಜೀವ ಹೋಯಿತು. ಮರುದಿನ ಹುಬ್ಬಳ್ಳಿಯ ನೆಹರು ಮೈದಾನದಲ್ಲಿ ದರ್ಶನಕ್ಕೆ ಇಟ್ಟಾಗ ಕಾಕಾ ಸಾಲಿನಲ್ಲಿ ನಿಂತರು. ಅಲ್ಲಿಂದ ಬೆಟದೂರಿಗೂ ಹೋದರು. "ಅಂವನ ಜಾಗಾದಾಗ ನಾನೂ ಒಂದಿನ ನಿಂತಾಂವ. ಅಂವ ಹಿಮದಾಗ, ನಾ ಮೆಣಸಿನಕಾಯಿ ಚೀಲದ ಮ್ಯಾಲ. ಇದ ನನಗ ಹೋಗವಲ್ದು ನೋಡು. ಆ ಸಲ ಮೆಣಸಿನಕಾಯಿ ಎಷ್ಟಕ್ಕ ಮಾರಿದ್ವಿ, ಅದೂ ನೆನಪಿಲ್ಲ." ಕಾಕಾ ಯಾವ ವರ್ಷದ ರೇಟನ್ನೂ ಮರೆಯುವ ಮನುಷ್ಯನಲ್ಲ.

ನಾರ್ಫೋಕ್‌ನ ಆ ಹೆಣ್ಣುಮಗಳ ಮಾತು ನೆನಪಾಯಿತು. ಸಮವಸ್ತ್ರ ಹಾಕಿದವರಿಗೆ ತಾವು ಅಲ್ಲಿ ಇಲ್ಲದೇ ಹೋದ ದಿನವೇ ಜಾಸ್ತಿ ಚುಚ್ಚುತ್ತದೆ, ಅಲ್ವಾ? ಡ್ಯೂಟಿ ಇರಲಿಲ್ಲ, ನಿವೃತ್ತಿ ಆಗಿತ್ತು ಅಂತ ನಾವು ಸಮಾಧಾನ ಹೇಳಬಹುದು. ಅವರಿಗೆ ಅದು ತಾಗುವುದೇ ಇಲ್ಲ. ನಮ್ಮ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಊರೂರಿಗೂ ಮಾಜಿ ಸೈನಿಕರಿದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು, ಹೊಲದಲ್ಲಿ ಎತ್ತಿನ ಹಿಂದೆ ನಡೆಯುವವರು. ಕಾರ್ಗಿಲ್ ನಡೆದ 1999ರಲ್ಲಿ, ಪುಲ್ವಾಮಾದಲ್ಲಿ 40 ಜನ ಸತ್ತ 2019ರ ಆ ದಿನ ಅವರೆಲ್ಲ ಎಲ್ಲಿದ್ದರೋ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಕೇಳಿ. ಧ್ವಜ ಹಾರಿಸುವ ದಿನಕ್ಕೆ ಕಾಯಬೇಡಿ.

ಫೋನ್ ಇಡುವ ಮುಂಚೆ ಕಾಕಾ ಕೇಳಿದರು, "ನೀ ಎಲ್ಲಿದ್ದಿ, ತಮ್ಮಾ?"

ಹೇಳಿದೆ. ಹನುಮಂತಪ್ಪ ಹೋದ ಸುದ್ದಿ ಬಂದಾಗ ಊರಲ್ಲಿ ಮಧ್ಯಾಹ್ನ, ಇಲ್ಲಿ ನಡುರಾತ್ರಿ ದಾಟಿ ಒಂದು ಗಂಟೆ. ನಾನು ಅಡಿಗೆಮನೆಯಲ್ಲಿ ಕತ್ತಲಲ್ಲೇ ಮೊಬೈಲ್ ಹಿಡಿದು ಕೂತಿದ್ದೆ. ಮರುದಿನ ನೆಹರು ಮೈದಾನದ ಜನಸಾಗರವನ್ನೂ ಅದೇ ಪರದೆಯಲ್ಲಿ ನೋಡಿದೆ. ನಾನು ಆಡಿದ ಮೈದಾನ ಅದು. ಎದ್ದು ಹೋಗಿ ಸಾಲಿನಲ್ಲಿ ನಿಲ್ಲಲು ಆಗಲಿಲ್ಲ.

"ಡಿಸೆಂಬರ್‌ಕ್ಕ ಬರ್ತಿ ಅಲಾ? ಬೆಟದೂರಿಗೆ ಇಬ್ರೂ ಕೂಡಿ ಹೋಗೂಣು," ಅಂದರು ಕಾಕಾ.

ಟಿಕೆಟ್ ತೆಗೆಸಿದ್ದೇನೆ.